ಟೆಸ್ಟಿಂಗ್ ಲ್ಯಾಬಿಗೆ ಥಿನ್ ಕ್ಲೈಂಟ್ ಹಾಕುವಾಗ

ಶಿವಮೊಗ್ಗದ ನಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ಲ್ಯಾಬಿನಲ್ಲಿ 24 ಸೀಟುಗಳಿವೆ. ಮೇಜಿನ ಮೇಲೆ ಅಂಗೈಯಗಲದ ಥಿನ್ ಕ್ಲೈಂಟ್ ಮಾತ್ರ, ಅಂದರೆ ಸರ್ವರಿನಲ್ಲಿರುವ ಡೆಸ್ಕ್‌ಟಾಪನ್ನು ತೋರಿಸುವ ಪುಟ್ಟ ಪೆಟ್ಟಿಗೆ. ವಿಂಡೋಸ್ ಓಡುವುದು ಸರ್ವರ್ ರೂಮಿನಲ್ಲಿ.

ಮೊದಲು ಗೋಲ್ಡನ್ ಇಮೇಜ್, ಅಂದರೆ ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಮೂಲವಾಗುವ ಮಾದರಿ ಪ್ರತಿ, ಮಾಡಿಕೊಳ್ಳಿ. ವಿಂಡೋಸ್, ಬ್ರೌಸರ್, ಟೆಸ್ಟ್ ಟೂಲ್, ಅಷ್ಟೇ ಸಾಕು. ಪಾಸ್‌ವರ್ಡ್ ಅದರೊಳಗೆ ಬೇಡವೇ ಬೇಡ. ಅದರಿಂದ ಉಳಿದ ಡೆಸ್ಕ್‌ಟಾಪ್‌ಗಳನ್ನು ಕ್ಲೋನ್ ಮಾಡಿ. ಲಾಗ್ ಆಫ್ ಆದ ಕೂಡಲೇ ಮೊದಲಿದ್ದ ಸ್ಥಿತಿಗೆ ಮರಳುವಂತೆ ಇಡಿ. ಆಗ ನಿನ್ನೆ ಟೆಸ್ಟ್ ಮಾಡಿದ ಬಿಲ್ಡಿನ (ಸಾಫ್ಟ್‌ವೇರ್ ಆವೃತ್ತಿಯ) ಕಸ ಇವತ್ತಿನ ಫಲಿತಾಂಶ ಕೆಡಿಸುವುದಿಲ್ಲ. ಟೆಸ್ಟರ್‌ಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಆದರೆ ಲಾಗ್ ಫೈಲು, ಸ್ಕ್ರೀನ್‌ಶಾಟ್ ಕೂಡ ಅಳಿದುಹೋಗುತ್ತವೆ. ನಮ್ಮ ಹುಡುಗಿಯೊಬ್ಬಳ ಇಡೀ ದಿನದ ಕೆಲಸ ಹೀಗೇ ಹೋಯಿತು. ನನಗೆ ಇವತ್ತಿಗೂ ಬೇಸರ. ಅವೆಲ್ಲ ನೆಟ್‌ವರ್ಕ್ ಡ್ರೈವಿಗೇ ಉಳಿಯುವಂತೆ ಮೊದಲೇ ಹೊಂದಿಸಿ.

ಬೆಳಿಗ್ಗೆ 9ಕ್ಕೆ ಎಲ್ಲ ಡೆಸ್ಕ್‌ಟಾಪ್‌ಗಳೂ ಒಟ್ಟಿಗೆ ಬೂಟ್ ಆದರೆ ಸ್ಟೋರೇಜ್ ತಡೆಯುವುದಿಲ್ಲ. 8.30ರಿಂದ ನಾಲ್ಕು ನಾಲ್ಕಾಗಿ ಆನ್ ಆಗಲಿ. ಡಿಸ್ಕ್ ಎಸ್‌ಎಸ್‌ಡಿಯೇ ಇರಲಿ.

ಇನ್ನು ನಮ್ಮ ಮಲೆನಾಡಿನ ಮಳೆಗಾಲ. ಆಷಾಢದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ, ಅಲ್ವಾ? ಥಿನ್ ಕ್ಲೈಂಟ್ ಆರಿದರೂ ಸೆಷನ್ (ತೆರೆದಿಟ್ಟ ಕೆಲಸ) ಲಾಗ್ ಆಫ್ ಆಗದೆ ಸರ್ವರಿನಲ್ಲಿ ಹಾಗೇ ಇರುತ್ತದೆ. ಮತ್ತೆ ಲಾಗಿನ್ ಆದರೆ ಟೆಸ್ಟ್ ಓಡುತ್ತಲೇ ಇರುತ್ತದೆ. ಹಾಗಾಗಿ ಯುಪಿಎಸ್ ದುಡ್ಡನ್ನು ಸರ್ವರ್, ಸ್ಟೋರೇಜ್, ಸ್ವಿಚ್‌ಗೆ ಹಾಕಿ. ಡಿಸ್ಕನೆಕ್ಟ್ ಆದ ಸೆಷನ್ ಎರಡು ಗಂಟೆಯಾದರೂ ಉಳಿಯಲಿ. ಥಿನ್ ಕ್ಲೈಂಟ್ ಫ್ಯಾನ್ ಇಲ್ಲದ ಮಾಡೆಲ್ಲೇ ತಗೊಳ್ಳಿ, ಧೂಳು ಒಳಗೆ ಎಳೆಯುವುದು ಕಡಿಮೆ.

ವೇಗ ಅಳೆಯುವ ಟೆಸ್ಟಿಗೆ ಮಾತ್ರ ಎರಡು ಮಾಮೂಲಿ ಪಿಸಿ ಉಳಿಸಿಕೊಳ್ಳಿ. ಒಂದೇ ಸಿಪಿಯುವನ್ನು ಹಲವರು ಹಂಚಿಕೊಂಡಾಗ ಆ ಅಂಕಿಗಳನ್ನು ನಂಬುವಂತಿಲ್ಲ.