ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ನಮ್ಮ ಜಿಲ್ಲೆಯವರಿಗೆ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಅಂತ ಎಲ್ಲೆಲ್ಲಿಂದಲೋ ಹೊರಟು ಇಲ್ಲಿಗೆ ಬಂದಿದ್ದೀರಿ. ಮೊದಲ ತಿಂಗಳು ಊರು ನೆನಪಾಗುವುದಿಲ್ಲ, ಪುರುಸೊತ್ತೇ ಇರುವುದಿಲ್ಲ. ಮನೆ ಹುಡುಕಬೇಕು, ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಇದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಅದಾದ ಮೇಲಿನ ಸಂಗತಿ. ಅದು ಹೆಚ್ಚಾಗಿ ನವೆಂಬರಿನಲ್ಲಿ ಶುರುವಾಗುತ್ತದೆ.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ. ಅಲ್ಲಿಯವರೆಗೆ ಊರಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಅವತ್ತಿನಿಂದ ನಾಲ್ಕೂವರೆ. ಒಂದು ಗಂಟೆ ಏನು ಮಹಾ ಅನಿಸುತ್ತದೆ ಅಲ್ವಾ? ಆಫೀಸು ಮುಗಿಸಿ ಆರೂವರೆಗೆ ಫೋನ್ ಮಾಡಿ ನೋಡಿ. ಅಲ್ಲಿ ಹನ್ನೊಂದು, ಆಯಿಗೆ ಒಂದು ನಿದ್ದೆ ಮುಗಿದಿರುತ್ತದೆ. ಫೋನ್ ರಿಂಗಾದರೆ ಯಾರಿಗೆ ಏನಾಯಿತೋ ಅಂತ ಎದೆ ಹಿಡಿದುಕೊಂಡು ಏಳುತ್ತಾರೆ. ಡಿಸೆಂಬರಿನಲ್ಲಂತೂ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತದೆ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು. ಅದಕ್ಕೇ ಚಳಿಗಾಲದಲ್ಲಿ ಮಧ್ಯಾಹ್ನದ ಬಿಡುವಿನಲ್ಲೇ ಹೊರಗೆ ಓಡಾಡುತ್ತ ಫೋನ್ ಮಾಡಿ. ಇಲ್ಲಿ ಹನ್ನೆರಡೂವರೆ ಅಂದರೆ ಅಲ್ಲಿ ಐದು, ಚಾ ಕುಡಿಯುವ ಹೊತ್ತು. ನಿಮಗೂ ಸ್ವಲ್ಪ ಬೆಳಕು ಸಿಗುತ್ತದೆ. ಮತ್ತೆ ಸುಮ್ನೆ ಆರಾಮಾ, ಊಟ ಆಯ್ತಾ ಅಂತ ಕೇಳಿ ಇಡಬೇಡಿ. ಕೊನೆ ಕೊಯ್ಲು ಎಲ್ಲಿಗೆ ಬಂತು, ಅಡಿಕೆ ಸುಲಿಯುವುದಕ್ಕೆ ಯಾರು ಬಂದಿದ್ದಾರೆ, ಮಂಗ ಎಷ್ಟು ಬಾಳೆಗೊನೆ ತಿಂದಿತು ಅಂತ ಕೇಳಿ. ಆಗ ಮಾತು ಬೆಳೆಯುತ್ತದೆ.

ಊಟದ ವಿಷಯ. ಊರಿಂದ ಬರುವಾಗ ಎಲ್ಲರೂ ಒಂದು ತಪ್ಪು ಮಾಡುತ್ತಾರೆ, ತುಪ್ಪ ತುಂಬಿಕೊಂಡು ಬರುತ್ತಾರೆ. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿನ ಒಕ್ಕೂಟದೊಳಗೆ ಬ್ಯಾಗಿನಲ್ಲಿ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆ ಕೂಡ ರೋಗ, ಹುಳ ಇಲ್ಲ ಅನ್ನುವ ಸರ್ಟಿಫಿಕೇಟ್ ಇಲ್ಲದೆ ಆಗುವುದಿಲ್ಲ. ತಮಾಷೆ ಏನಪ್ಪಾ ಅಂದರೆ ಆ ಸರ್ಟಿಫಿಕೇಟ್ ಬೇಡದ ಹಣ್ಣು ಐದೇ ಐದು, ಅದರಲ್ಲಿ ತೆಂಗಿನಕಾಯಿ ಒಂದು, ಬಾಳೆಹಣ್ಣು ಒಂದು, ಅನಾನಸ್ ಒಂದು. ನಮ್ಮ ತೋಟ ನೋಡಿಯೇ ಪಟ್ಟಿ ಮಾಡಿದ ಹಾಗಿದೆ. ಜೇನುತುಪ್ಪ ಒಬ್ಬರಿಗೆ 2 ಕಿಲೋವರೆಗೆ ತರಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ತನ್ನಿ, ಆದರೆ ಗಾಜಿನ ಬಾಟಲಿಯಲ್ಲಿ ಬೇಡ. 2013ರಲ್ಲಿ ನನ್ನ ಬಾಟಲಿ ಒಡೆದು ಇಂಟರ್‌ವ್ಯೂಗೆ ಅಂತ ಹೊಲಿಸಿದ ಕೋಟಿಗೆ ಮಿಡಿಯ ರಸ ಹಿಡಿಯಿತು. ಆ ಕೋಟು ಇನ್ನೂ ಇದೆ, ಹಾಕಿಕೊಳ್ಳಲು ಬರುವುದಿಲ್ಲ. ಊರು ಜಾಸ್ತಿ ನೆನಪಾದಾಗ ಕಪಾಟು ತೆಗೆದು ಮೂಸುತ್ತೇನೆ, ನಗಬೇಡಿ.

ಕಾರವಾರದ ಗೆಳೆಯನ ಕಥೆ ಬೇರೆ. ಅವನಿಗೆ ಬಂಗುಡೆ ಬೇಕು. ಟರ್ಕಿಯವರ ಅಂಗಡಿಯಲ್ಲಿ ಸಿಗುವುದು ಅಟ್ಲಾಂಟಿಕ್ ಸಮುದ್ರದ್ದು, ಬಂಗುಡೆಯ ದೊಡ್ಡಪ್ಪನ ಮಗ ಅನ್ನಬಹುದು, ಎಣ್ಣೆ ಜಾಸ್ತಿ. ಅವನು ಅದಕ್ಕೆ ತೆಂಗಿನಕಾಯಿ ರುಬ್ಬಿ ಊರಿಂದ ತಂದ ಒಣ ತೆಪ್ಪಲ ಹಾಕಿ ಸಾರು ಮಾಡುತ್ತಾನೆ, ತಿಂದು ಮುಗಿಸಿ ಇದು ಅದಲ್ಲ ಅನ್ನುತ್ತಾನೆ, ಮುಂದಿನ ಶನಿವಾರ ಮತ್ತೆ ತರುತ್ತಾನೆ. ನೀವೂ ಹಾಗೇ ಮಾಡಿ.

ಇನ್ನು ಮಳೆ. ಸ್ಟುಟ್‌ಗಾರ್ಟಿನಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ 700 ಮಿಲಿಮೀಟರ್. ಕಾರವಾರಕ್ಕೆ ಅಷ್ಟು ಮುಗಿಸಲು ಜುಲೈ ಒಂದೇ ಸಾಕು. ಆದರೆ ನನ್ನ ತಕರಾರು ಅಳತೆಯದ್ದಲ್ಲ, ಸದ್ದಿನದ್ದು. ಇಲ್ಲಿ ಕಿಟಕಿಗೆ ಎರಡು ಮೂರು ಪದರ ಗಾಜು. ಹೊರಗೆ ಮಳೆ ಬರುತ್ತಿದೆ ಅಂತ ಗೊತ್ತಾಗಬೇಕಾದರೆ ಎದ್ದು ಹೋಗಿ ನೋಡಬೇಕು. ಹೆಂಚಿನ ಮೇಲೆ ಬೀಳುವುದಿಲ್ಲ, ಅಡಿಕೆ ಹಾಳೆಯ ಮೇಲೆ ಬೀಳುವುದಿಲ್ಲ, ಒಂದು ಕಪ್ಪೆ ಕೂಗುವುದಿಲ್ಲ. ಮೊದಲ ಎರಡು ವರ್ಷ ಮಳೆಯ ದಿನ ನನಗೆ ನಿದ್ದೆ ಬರುತ್ತಿರಲಿಲ್ಲ, ಯಾಕೆ ಅಂತ ಆಮೇಲೆ ಹೊಳೆಯಿತು.

ರಜೆ ಯಾವಾಗ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಕಡಲ ಕಡೆಯವರು ಜೂನ್, ಜುಲೈ ಬಿಡಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಹೋಗಿ ಒಣಮೀನು ತಿಂದು ಬರಬೇಕು. ಶಿರಸಿಯವರಿಗೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ಆಯಿತು, ಹಾಗೆ ಲೆಕ್ಕ ಹಾಕಿಕೊಳ್ಳಿ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಇರುತ್ತದೆ. ಯಕ್ಷಗಾನದ ಆಟ ನೋಡುವವರು ಮಳೆಗಾಲ ಬಿಟ್ಟು ಯಾವಾಗ ಹೋದರೂ ಸೈ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಇದನ್ನು ಹೊಸಬರು ಯಾರೂ ನಂಬುವುದಿಲ್ಲ. ಈಗ ಊರು ನೆನಪಾಗುವ ಹಾಗೆ, ಮುಂದೊಂದು ದಿನ ಈ ಊರೂ ನಿಮಗೆ ನೆನಪಾಗಲಿಕ್ಕಿದೆ. ನನಗೆ ಅದು ಗೊತ್ತಾಗಿದ್ದು ಶಿರಸಿಯಲ್ಲೇ.

2020ರ ಮಾರ್ಚ್ ಮೊದಲ ವಾರ ಜಾತ್ರೆಗೆ ಅಂತ ಮೂರು ವಾರದ ರಜೆ ಹಾಕಿ ಹೋದೆ. ತೇರು ನೋಡಿ, ಬೆಂಡು ಬತ್ತಾಸು ತಿಂದು, ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ ವಿಮಾನ ನಿಂತವು, ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಐದು ತಿಂಗಳು ಮನೆಯಲ್ಲೇ. ಏಳು ವರ್ಷ ಹಂಬಲಿಸಿದ್ದು ಬಿಟ್ಟಿ ಸಿಕ್ಕಿತು ಅಂತ ಮೊದಲು ಕುಣಿದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಸೊಪ್ಪಿನ ಬೆಟ್ಟ ಹತ್ತಿ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದೆ. ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ರಾತ್ರಿ ಹೆಂಚಿನ ಸದ್ದು ಕೇಳುತ್ತ ಎಂಟು ಗಂಟೆ ನಿದ್ದೆ ಮಾಡಿದೆ. ನಾಲ್ಕನೇ ದಿನಕ್ಕೆ ಕರೆಂಟಿಲ್ಲ, ಚಡ್ಡಿ ಒಣಗುತ್ತಿಲ್ಲ, ಮೀಟಿಂಗಿನ ಮಧ್ಯೆ ಕಾಲಿಗೆ ಉಂಬಳ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲು ಬಾರದ ಸಿಟ್ಟು.

ಆಮೇಲೆ ಒಂದೊಂದೇ ಶುರುವಾಯಿತು. ಮಧ್ಯಾಹ್ನ ನಾಲ್ಕು ಗಂಟೆಗೆ ಬಾಯಿಗೆ ಬ್ರೆಟ್ಸೆಲ್, ಅಂದರೆ ಗಂಟು ಹಾಕಿದ ಹಾಗಿರುವ ಇಲ್ಲಿಯ ಬ್ರೆಡ್ಡು, ಬೇಕು ಅನಿಸತೊಡಗಿತು. ನೀವು ಇನ್ನೂ ತಿಂದಿಲ್ಲವಾದರೆ ಹೇಳುತ್ತೇನೆ, ಇಲ್ಲಿಯ ಬ್ರೆಟ್ಸೆಲ್‌ಗೆ ಹೊಟ್ಟೆ ದಪ್ಪ, ಅದರ ಮೇಲೆ ಚಾಕುವಿನಿಂದ ಸೀಳಿದ ಬಿಳಿ ಗೀರು, ಕೈಗಳೆರಡು ಸಪೂರ. ಹೊಟ್ಟೆ ಮೆತ್ತಗೆ, ಕೈ ಹಪ್ಪಳದ ಹಾಗೆ ಮುರಿಯಬೇಕು. ಮುರಿಯದಿದ್ದರೆ ಆ ಬೇಕರಿ ಬಿಡಿ. ಖಾಲಿ ಬಾಟಲಿ ಎಸೆಯಲು ಕೈ ಬರುತ್ತಿರಲಿಲ್ಲ, ಇಲ್ಲಿ ಒಂದಕ್ಕೆ 25 ಸೆಂಟ್ ವಾಪಸ್ ಸಿಗುತ್ತದಲ್ಲ, ಆ ಅಭ್ಯಾಸ. ಬಚ್ಚಲ ಮೂಲೆಯಲ್ಲಿ ರಾಶಿ ಹಾಕಿದ್ದೆ. ಭಾನುವಾರ ಪಕ್ಕದ ಮನೆಯವರು ಮರ ಕೊಯ್ಯುವ ಮಿಷನ್ ಹಾಕಿದರೆ ಇವತ್ತು ಭಾನುವಾರ ಅಲ್ವಾ ಅಂತ ಬಾಯಿಗೆ ಬರುತ್ತಿತ್ತು, ಇಲ್ಲಿ ಭಾನುವಾರ ಅಂಥ ಸದ್ದು ಮಾಡುವಂತಿಲ್ಲವಲ್ಲ, ನುಂಗಿಕೊಂಡೆ.

ಎಲ್ಲಕ್ಕಿಂತ ವಿಚಿತ್ರ ಅಂದರೆ ಮೆಟ್ಟಿಲು. ಈ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ, ಬಾಡಿಗೆದಾರರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸುವುದು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ನಾನು ಬಂದ ಹೊಸತರಲ್ಲಿ ಅದನ್ನು ನೋಡಿ ಸ್ವಾಗತದ ಅಲಂಕಾರ ಅಂತ ತಿಳಿದು ಒಂದು ತಿಂಗಳು ಹಾಗೇ ಬಿಟ್ಟಿದ್ದೆ. ಕೊನೆಗೆ ಮೇಲಿನ ಮನೆಯ ಅಜ್ಜಿ ಬಕೆಟ್ಟು, ಬಟ್ಟೆ ಹಿಡಿದುಕೊಂಡೇ ಬೆಲ್ ಮಾಡಿದರು. ಮೂಲೆ ಹೇಗೆ ಒರೆಸಬೇಕು ಅಂತ ಮೊಣಕಾಲೂರಿ ತೋರಿಸಿದರು. ಮುಖದಲ್ಲಿ ಒಂದು ನಗು ಇಲ್ಲ. ಎಂಥಾ ಜನ ಅಂತ ಬೈದುಕೊಂಡಿದ್ದೆ.

ಶಿರಸಿಯಲ್ಲಿ ಒಂದು ಶನಿವಾರ ಬೆಳಿಗ್ಗೆ ನಾನಾಗಿಯೇ ಎದ್ದು ಜಗುಲಿಯ ಮೆಟ್ಟಿಲನ್ನು ಮೂಲೆ ಮೂಲೆ ಒರೆಸುತ್ತಿದ್ದೆ. ಆಯಿ ಹಾಲಿನ ತಂಬಿಗೆ ಹಿಡಿದು ಕೊಟ್ಟಿಗೆಯಿಂದ ಬಂದವಳು ನಿಂತು ನೋಡಿ, "ಎಂತಾ ಆತು ತಮಾ ನಿಂಗೆ?" ಅಂದಳು.

ಅದಕ್ಕೇ ಹೇಳುವುದು, ಇಲ್ಲಿರುವ ದಿನಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕಳೆಯಬೇಡಿ. ವಾರಾಂತ್ಯ ಪೂರ್ತಿ ಊರಿನ ಸುದ್ದಿಯ ವಿಡಿಯೋ ನೋಡುವವರನ್ನು ಬಹಳ ನೋಡಿದ್ದೇನೆ. ವಾಪಸ್ ಹೋಗುವಾಗ ಅವರಿಗೆ ಮೇಲಿನ ಮನೆಯಲ್ಲಿ ಯಾರಿದ್ದರು ಅಂತಲೂ ಗೊತ್ತಿರುವುದಿಲ್ಲ. ಏಪ್ರಿಲಿನಲ್ಲಿ ಕಾಡಿಗೆ ಹೋಗಿ, ಬೆಳ್ಳುಳ್ಳಿ ವಾಸನೆಯ ಸೊಪ್ಪು ನೆಲ ಮುಚ್ಚಿ ಬೆಳೆದಿರುತ್ತದೆ, ತಂಬುಳಿಗೆ ಒಳ್ಳೆಯದು. ಗೊತ್ತಿರುವವರ ಜೊತೆಗೇ ಹೋಗಿ, ಅದೇ ಥರ ಕಾಣುವ ವಿಷದ ಎಲೆಯೂ ಇದೆ. ಒಂದು ಭಾನುವಾರ ರೈಲು ಹತ್ತಿ ಟ್ಯೂಬಿಂಗನ್‌ಗೆ ಹೋಗಿ ಬನ್ನಿ. 1894ರಲ್ಲಿ ನಮ್ಮ ಭಾಷೆಗೆ ಆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. ನೆಕ್ಕರ್ ನದಿಯ ದಂಡೆಯಲ್ಲಿ ಕೂತು ಕನ್ನಡ ಮಾತಾಡಿದರೆ ಏನೋ ಒಂಥರಾ ಹತ್ತಿರ ಅನಿಸುತ್ತದೆ.

ಆಗಸ್ಟ್‌ನಲ್ಲಿ ಅಂತೂ ವಿಮಾನ ಸಿಕ್ಕಿ ಬಂದೆ. ಎರಡು ವಾರ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಬಾಗಿಲ ಹಿಡಿಕೆಗೆ ಒಂದು ಕಾಗದದ ಚೀಲ ತೂಗುತ್ತಿತ್ತು, ಒಳಗೆ ಎರಡು ಬ್ರೆಟ್ಸೆಲ್, ಇನ್ನೂ ಬಿಸಿ. ಮೇಲಿನ ಮನೆಯ ಅಜ್ಜಿ. ದಿನ ಬಿಟ್ಟು ದಿನ ಬಂತು. ಐದು ತಿಂಗಳು ನನ್ನ ಸರದಿಯನ್ನೂ ಅವರೇ ಮಾಡಿದ್ದರಂತೆ, ಕೆಳಗಿನ ಮನೆಯವರು ಹೇಳಿದರು. ಹದಿನೈದನೇ ದಿನ ಬಾಗಿಲು ತೆಗೆದರೆ ಚೀಲ ಇರಲಿಲ್ಲ, ಹಲಗೆ ಇತ್ತು.