ಚಳಿಯೂರಿನ ಹಿತ್ತಲಲ್ಲಿ ಕರಬೂಜ

ನಮ್ಮೂರಲ್ಲಿ ಕರಬೂಜಕ್ಕೆ ಯಾರು ಅಷ್ಟು ಆರೈಕೆ ಮಾಡುತ್ತಾರೆ? ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ಬೀಜ ಊರಿ ಒಂದಿಷ್ಟು ನೀರು ತೋರಿಸಿದರೆ ಬಳ್ಳಿ ತಾನೇ ಹಬ್ಬುತ್ತದೆ. ಆ ಧೈರ್ಯದಲ್ಲೇ ಅಮೆರಿಕದ ಚಳಿಯೂರು ಮಿನ್ನಿಯಾಪೊಲಿಸ್‌ನಲ್ಲಿ, ಮಗನ ಮನೆ ಹಿತ್ತಲಲ್ಲಿ, ಮೇ ಮೊದಲ ವಾರವೇ ಬೀಜ ಊರಿದೆ. ಬಿಸಿಲೇನೋ ಚೆನ್ನಾಗಿತ್ತು. ಒಂದು ಮೊಳಕೆಯೂ ಬರಲಿಲ್ಲ. ಕೆದಕಿ ನೋಡಿದರೆ ಬೀಜವೆಲ್ಲ ಕೊಳೆತಿತ್ತು. ಬಿಸಿಲು ನಮ್ಮ ಬೆನ್ನಿಗೆ ತಾಗಿದಷ್ಟು ಬೇಗ ಮಣ್ಣಿಗೆ ಇಳಿಯುವುದಿಲ್ಲ ಅಂತ ಆಗ ಗೊತ್ತಾಯಿತು.

ಈ ಬೆಳೆಗೆ ಮೊದಲು ಬೇಕಾದದ್ದು ಕಾವು. ಗೊಬ್ಬರ, ನೀರು ಎಲ್ಲ ಆಮೇಲೆ. ಅಡುಗೆಮನೆಯ ಹಳೇ ಥರ್ಮಾಮೀಟರ್ ಇದ್ದರೆ ಬೆಳಿಗ್ಗೆ ಎದ್ದು ಮಣ್ಣಿಗೆ ಚುಚ್ಚಿ ನೋಡಿ. 20 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಸಸಿ ಹೊರಗಿಡಬೇಡಿ. ಇಲ್ಲಿ ಅದು ಜೂನ್ ಮೊದಲ ವಾರದ ಮಾತು. ಹಾಗಾಗಿ ಮೇ ಶುರುವಿನಲ್ಲಿ ಮನೆಯೊಳಗೇ ಬೀಜ ಹಾಕುತ್ತೇನೆ. ಬೆಚ್ಚಗಿನ ಮೂಲೆ ಹುಡುಕಿ ಇಡಿ, ಮೊಳಕೆ ಬಂದ ಕೂಡಲೇ ಕಿಟಕಿಯ ಬಿಸಿಲಿಗೆ ತನ್ನಿ. ಕರಬೂಜದ ಬೇರು ಮುಟ್ಟಿದರೆ ಮುನಿಯುತ್ತದೆ. ಅದಕ್ಕೇ ಮಣ್ಣಲ್ಲಿ ಕರಗುವ ಕುಂಡದಲ್ಲೇ ಬೆಳೆಸಿ, ಕುಂಡದ ಸಮೇತ ನೆಡಬೇಕು. ಮೂರು ನಾಲ್ಕು ವಾರದ ಸಸಿ ಸಾಕು. ಅದಕ್ಕಿಂತ ದೊಡ್ಡದಾದರೆ ನೆಟ್ಟ ಮೇಲೆ ಸುಮ್ನೆ ನಿಂತುಬಿಡುತ್ತದೆ. ನೆಡುವ ಮುಂಚೆ ಒಂದು ವಾರ ದಿನಾ ಸ್ವಲ್ಪ ಹೊತ್ತು ಹೊರಗಿಟ್ಟು ಗಾಳಿ ಅಭ್ಯಾಸ ಮಾಡಿಸಿ.

ಎರಡನೇ ವರ್ಷ ಇನ್ನೊಂದು ಎಡವಟ್ಟು ಮಾಡಿದೆ. ಊರಿನ ಅಭ್ಯಾಸದಲ್ಲಿ ಬುಡಕ್ಕೆಲ್ಲ ಒಣಹುಲ್ಲು ಹೊದಿಸಿದೆ. ನಮ್ಮಲ್ಲಿ ಅದು ಮಣ್ಣನ್ನು ತಂಪಾಗಿಡುತ್ತದೆ, ಅಲ್ವಾ? ಇಲ್ಲೂ ತಂಪಾಗಿಟ್ಟಿತು! ಜುಲೈ ಬಂದರೂ ಬಳ್ಳಿ ಮೊಳದುದ್ದ ದಾಟಲಿಲ್ಲ. ಈಗ ಏರುಮಡಿ ಮಾಡಿ, ನೆಡುವ ಎರಡು ವಾರ ಮುಂಚೆಯೇ ಕಪ್ಪು ಪ್ಲಾಸ್ಟಿಕ್ ಹಾಸಿಬಿಡುತ್ತೇನೆ. ಹಾಳೆ ಮಣ್ಣಿಗೆ ಒತ್ತಿಕೊಂಡಿರಬೇಕು, ನಡುವೆ ಗಾಳಿ ಇದ್ದರೆ ಕಾವು ಕೆಳಗಿಳಿಯುವುದಿಲ್ಲ. ಸಸಿಯ ಮೇಲೆ ತೆಳುವಾದ ಬಿಳಿ ಬಟ್ಟೆ ಹೊದಿಸಿದರೆ ರಾತ್ರಿಯ ಚಳಿಯೂ ತಡೆಯುತ್ತದೆ, ಎಲೆ ತಿನ್ನುವ ಪಟ್ಟೆ ಹುಳವೂ ಹತ್ತಿರ ಬರುವುದಿಲ್ಲ. ಹೂ ಬಂದ ಮೇಲೆ ಮಾತ್ರ ತೆಗೆದುಬಿಡಿ, ಜೇನುಹುಳ ಒಳಗೆ ಬರಬೇಕಲ್ಲ. ಮೊದಲು ಬರುವುದು ಬರೀ ಗಂಡು ಹೂ, ಉದುರಿದರೆ ಗಾಬರಿಯಾಗಬೇಡಿ. ಹೂವಿನ ಹಿಂದೆ ಪುಟ್ಟ ಮಿಡಿ ಕಂಡರೆ ಅದು ಹೆಣ್ಣು.

ತಳಿ ಆರಿಸುವಾಗ ಆಸೆಬುರುಕರಾಗಬೇಡಿ. ಮಿನ್ನೆಸೋಟಾ ವಿಶ್ವವಿದ್ಯಾಲಯದವರು 1948ರಲ್ಲಿ ಕೊಟ್ಟ ‘ಮಿನ್ನೆಸೋಟಾ ಮಿಡ್ಜೆಟ್’ ಅಂತ ಒಂದಿದೆ. ಹಣ್ಣು ನಾಲ್ಕೇ ಇಂಚು, ಬಳ್ಳಿಯೂ ಗಿಡ್ಡ, ಆದರೆ ಬೇಗ ಹಣ್ಣಾಗುತ್ತದೆ. ಕಲ್ಲಂಗಡಿ ಬೇಕೇ ಬೇಕು ಅನ್ನುವವರಿಗೆ ‘ಶುಗರ್ ಬೇಬಿ’ ಪರವಾಗಿಲ್ಲ.

ಕಾಯಿ ಕಚ್ಚಿದ ಮೇಲೆ ಹಣ್ಣಾಗಲು ಕರಬೂಜಕ್ಕೆ ಸುಮಾರು 40 ದಿನ ಬೇಕು. ಸೆಪ್ಟೆಂಬರ್ ಮಧ್ಯಕ್ಕೆ ಇಲ್ಲಿ ರಾತ್ರಿ ಚಳಿ ಶುರು. ಹಿಂದಕ್ಕೆ ಎಣಿಸಿ ನೋಡಿ, ಆಗಸ್ಟ್ ಮೊದಲ ವಾರದ ನಂತರ ಕಚ್ಚಿದ ಮಿಡಿ ಬರೀ ಸಾರ ಹೀರುತ್ತದೆ. ಮನಸ್ಸು ಕಲ್ಲು ಮಾಡಿಕೊಂಡು ಕಿತ್ತುಹಾಕಿ, ಕುಡಿಯನ್ನೂ ಚಿವುಟಿ. ಬಳ್ಳಿಗೆ ಮೂರು ನಾಲ್ಕು ಕಾಯಿ ಜಾಸ್ತಿಯೇ ಆಯಿತು. ನಮ್ಮನೆಯವರು ಅಡ್ಡ ಬಂದು ಬೈಯುತ್ತಾರೆ, ಬೈಯಲಿ ಬಿಡಿ. ಎಲೆ ಮಾತ್ರ ಕೀಳಬೇಡಿ, ಸಿಹಿ ತಯಾರಾಗುವುದೇ ಅಲ್ಲಿ. ಉಳಿದ ಕಾಯಿಯ ಕೆಳಗೆ ಒಂದೊಂದು ಹಳೇ ಟೈಲ್ ತುಂಡು ಇಡಿ. ಹಗಲ ಬಿಸಿಲು ಹಿಡಿದಿಟ್ಟು ಸಂಜೆ ಕಾವು ಕೊಡುತ್ತದೆ, ಕಾಯಿ ಕೊಳೆಯುವುದೂ ತಪ್ಪುತ್ತದೆ. ಹಣ್ಣಾಗುವ ವಾರದಲ್ಲಿ ನೀರು ಕಡಿಮೆ ಮಾಡಿ. ಜಾಸ್ತಿ ಹಾಕಿದರೆ ಸಪ್ಪೆ.

ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ತೊಟ್ಟು ತಾನೇ ಕಳಚಬೇಕು. ಎಳೆಯಬೇಕಾಗಿ ಬಂದರೆ ಇನ್ನೂ ಎರಡು ದಿನ ಬಿಡಿ. ಮೂಗಿಗೆ ಹಿಡಿದರೂ ಗೊತ್ತಾಗುತ್ತದೆ. ಹೋದ ವರ್ಷದ ಮೊದಲ ಹಣ್ಣು ನನ್ನ ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಬೆಲ್ಲ, ತೆಂಗಿನಹಾಲು, ಒಂದು ಏಲಕ್ಕಿ ಹಾಕಿ ರಸಾಯನ ಮಾಡಿದೆ. ನಾಲ್ಕು ಜನಕ್ಕೆ ಅರ್ಧರ್ಧ ಬಟ್ಟಲು ಬಂತು.