ಮನೆಗೆ ಬೀಗ ಹಾಕಿ ಇಬ್ಬರೇ ಮೂರು ತಿಂಗಳು ಹೊರದೇಶದಲ್ಲಿ

ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆ ನಿಂತ ಮೇಲೆ ಕಾರವಾರ, ಕುಮಟಾ, ಶಿರಸಿಯ ಎಷ್ಟೋ ಮನೆಗಳಲ್ಲಿ ಉಳಿಯುವುದು ಗಂಡ-ಹೆಂಡತಿ ಇಬ್ಬರೇ. ಕೈಕಾಲು ಗಟ್ಟಿಯಿರುವಾಗಲೇ ಹೊರದೇಶದ ಒಂದೂರಿನಲ್ಲಿ ಬಾಡಿಗೆ ಮನೆ ಹಿಡಿದು, ಅಲ್ಲಿಯ ಸಂತೆಗೆ ಹೋಗಿ, ಅಡುಗೆ ಮಾಡಿಕೊಂಡು ಕೆಲವು ತಿಂಗಳು ಇರಬೇಕೆಂಬ ಆಸೆ ಅನೇಕರಿಗಿದೆ. ಶ್ರೀಲಂಕಾ, ವಿಯೆಟ್ನಾಂ, ಬಾಲಿಯಂಥ ಕಡೆ ತೆಂಗು, ಬಾಳೆ, ಅನ್ನ, ಸೆಕೆ ಎಲ್ಲವೂ ನಮ್ಮಲ್ಲಿಯಂತೆಯೇ. ಆದ್ದರಿಂದ ನಮ್ಮ ಜಿಲ್ಲೆಯವರಿಗೆ ಅಲ್ಲಿ ಹೊಂದಿಕೊಳ್ಳುವುದು ಕಷ್ಟವಲ್ಲ. ಕಷ್ಟವಿರುವುದು ಇಲ್ಲಿಂದ ಸರಿಯಾಗಿ ಹೊರಡುವುದರಲ್ಲಿ. ಟಿಕೆಟ್ ಕೊನೆಯ ಕೆಲಸ.

ಮೊದಲು ಮಳೆಯ ಲೆಕ್ಕ

ಎಲ್ಲರೂ ಡಿಸೆಂಬರಿನಲ್ಲಿ ಹೊರಡುತ್ತಾರೆಂದು ನೀವೂ ಹೊರಡಬೇಡಿ. ಆಗ ನಮ್ಮಲ್ಲೇ ಹವೆ ಹಿತವಾಗಿರುತ್ತದೆ, ಬಾಲಿಯಲ್ಲಿ ಮಳೆಗಾಲ. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ. ಶ್ರೀಲಂಕಾದಲ್ಲಿ ಎರಡು ಕರಾವಳಿಗೆ ಎರಡು ಲೆಕ್ಕ: ನೈಋತ್ಯದ ಗಾಲೆಯ ಕಡೆ ಡಿಸೆಂಬರ್‌ನಿಂದ ಮಾರ್ಚ್ ಚೆನ್ನ, ಪೂರ್ವದ ಟ್ರಿಂಕೋಮಲಿಯ ಕಡೆ ಮೇ ತಿಂಗಳಿನಿಂದ ಸೆಪ್ಟೆಂಬರ್.

ತೋಟವಿಲ್ಲದ ಕರಾವಳಿಯವರು ಜೂನ್‌ನಲ್ಲಿ ಬಾಲಿಗೋ ಟ್ರಿಂಕೋಮಲಿಗೋ ಹೋಗಬಹುದು. ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಅದು ಸಾಧ್ಯವಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ಕಾಲದಲ್ಲಿ ತೋಟ ಬಿಟ್ಟು ಹೋದವರಿಗೆ ನಿದ್ದೆ ಬರುವುದಿಲ್ಲ. ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿಸಿದ ನಂತರ ಮಾರ್ಚ್‌ನಿಂದ ಮೇ ಮಧ್ಯದವರೆಗೆ ಸಿಗುವ ಬಿಡುವೇ ಅವರದು. ಆಗ ಮಧ್ಯ ವಿಯೆಟ್ನಾಮಿನ ಹೋಯಿ ಆನ್, ಡಾ ನಾಂಗ್ ಕಡೆ ಮಳೆಯ ಕಾಟವಿಲ್ಲ.

ಆಮೇಲೆ ವೀಸಾ

ನೀವಿರಬೇಕೆಂದಿರುವ ದಿನಕ್ಕೂ ವೀಸಾದ ದಿನಕ್ಕೂ ತಾಳೆಯಾಗಬೇಕು. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನಗಳ ಇ-ವೀಸಾ ಕೊಡುತ್ತಿದೆ. ತೋಟದವರ ಬಿಡುವಿಗೆ ಅದು ಸರಿಯಾಗಿ ಹೊಂದುತ್ತದೆ. ಬಾಲಿ ಇರುವ ಇಂಡೋನೇಷ್ಯಾದಲ್ಲಿ ಇಳಿದ ಮೇಲೆ ಪಡೆಯುವ ವೀಸಾ 30 ದಿನದ್ದು, ಒಮ್ಮೆ ಮಾತ್ರ ಇನ್ನೂ 30 ದಿನ ಮುಂದುವರಿಸಬಹುದು. ಮಾರಿಷಸ್‌ನ ಪ್ರೀಮಿಯಂ ವೀಸಾದಲ್ಲಿ ವರ್ಷವಿಡೀ ಇರಲು ಸಾಧ್ಯ. ಥಾಯ್ಲೆಂಡ್‌ನಲ್ಲಿ ಐವತ್ತು ದಾಟಿದವರಿಗೆ ನಿವೃತ್ತಿ ವೀಸಾ ಇದೆ. ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನ ಆಯಾ ಸರಕಾರದ ಅಧಿಕೃತ ತಾಣದಲ್ಲೇ ನೋಡಿಕೊಳ್ಳಿ. ಪಾಸ್‌ಪೋರ್ಟ್‌ಗೆ ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಬಿಟ್ಟು ಹೋಗುವ ಮನೆ

ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಮಳೆಗಾಲದಲ್ಲಿ ಬೀಗ ಹಾಕಿದ ಕರಾವಳಿಯ ಮನೆ ಕೆಲವೇ ವಾರಗಳಲ್ಲಿ ಹಾಳಾಗತೊಡಗುತ್ತದೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂಷ್ಟು, ಪುಸ್ತಕದ ಕಪಾಟಿನ ಹಿಂದೆ ಒರಲೆ, ಅಂಗಳದಲ್ಲಿ ಕಾಲಿಡಲಾಗದಷ್ಟು ಪಾಚಿ. ಮೇ ತಿಂಗಳಲ್ಲೇ ಮಾಡು ಹತ್ತಿಸಿ ಒಡೆದ ಹಂಚು ಬದಲಿಸಿ. ಮನೆಯ ಮೇಲೆ ಬಾಗಿದ ತೆಂಗಿನ ಮರವಿದ್ದರೆ ಕಾಯಿ, ಒಣಗಿದ ಹೆಡೆ ಎಲ್ಲ ಇಳಿಸಿಬಿಡಿ. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಬಾಗಿಲು ಅರೆತೆರೆದಿಡಿ. ಫ್ರಿಜ್ ಖಾಲಿ ಮಾಡಿ, ಒರೆಸಿ, ಅದರ ಬಾಗಿಲಿಗೂ ಬಟ್ಟೆಯ ಸುರುಳಿ ಸಿಕ್ಕಿಸಿ. ಸಿಡಿಲಿಗೆ ಟಿವಿ ಸುಟ್ಟುಹೋಗದಂತೆ ಪ್ಲಗ್ ಕಿತ್ತಿಡಿ.

ಇಷ್ಟಾದರೂ ವಾರಕ್ಕೊಮ್ಮೆ ಒಬ್ಬರು ಬಂದು ಕಿಟಕಿ ತೆರೆದು ಗಾಳಿಯಾಡಿಸಲೇಬೇಕು. ಉಪಕಾರಕ್ಕೆ ಎಂದು ನೆರೆಯವರ ಮೇಲೆ ಹೊರಿಸುವುದು ಸರಿಯಲ್ಲ. ನಂಬಿಕೆಯವರಿಗೆ ಸಂಬಳ ಗೊತ್ತು ಮಾಡಿ, ವಿದ್ಯುತ್ ಬಿಲ್, ಮನೆ ತೆರಿಗೆಯ ಹಣವನ್ನೂ ಮೊದಲೇ ವ್ಯವಸ್ಥೆ ಮಾಡಿ. ಮನೆ ಮುಚ್ಚಿರುವ ವಿಷಯವನ್ನು ಪೊಲೀಸ್ ಠಾಣೆಗೂ ತಿಳಿಸಿ.

ಹಣ, ಮೊಬೈಲ್, ಪಿಂಚಣಿ

ಬ್ಯಾಂಕಿನ ಒಟಿಪಿ ಬರುವುದು ನಮ್ಮೂರಿನ ಸಿಮ್‌ಗೆ. ಹೊರಡುವ ಮೊದಲೇ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತೀರದಂತೆ ನೋಡಿಕೊಳ್ಳಿ. ಎರಡು ಬೇರೆ ಖಾತೆಗಳ ಎರಡು ಕಾರ್ಡ್‌ಗಳು ಇಬ್ಬರ ಬಳಿ ಒಂದೊಂದು ಇರಲಿ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಕೂಡ ನಡೆಯುತ್ತಿದೆ. ಪಿಂಚಣಿದಾರರು ನವೆಂಬರ್‌ನಲ್ಲಿ ಹೊರಗಿದ್ದರೆ ಜೀವನ ಪ್ರಮಾಣ ಪತ್ರವನ್ನು ಮುಖಚಹರೆ ಗುರುತಿಸುವ ಆ್ಯಪ್ ಮೂಲಕ ಕೊಡಬಹುದು. ಅದನ್ನು ಊರಿನಲ್ಲಿರುವಾಗಲೇ ಕಲಿತುಕೊಳ್ಳಿ. ಖಾತೆ, ಪಾಸ್‌ವರ್ಡ್, ವಿಮೆಯ ವಿವರ ಗಂಡನಿಗೆ ಮಾತ್ರ ಗೊತ್ತಿರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಪರದೇಶದಲ್ಲಿ ಅವರೇ ಆಸ್ಪತ್ರೆ ಸೇರಿದರೆ ಹೆಂಡತಿ ಏನು ಮಾಡಬೇಕು? ಇಬ್ಬರೂ ಒಟ್ಟಿಗೆ ಕೂತು ಎಲ್ಲವನ್ನೂ ಬರೆದಿಡಿ.

ಇಲ್ಲಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಪ್ರವಾಸ ವಿಮೆ ಬೇರೆಯೇ ಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಸಿ. ಮಾತ್ರೆಗಳಿಗೆ ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ಡೆಂಗಿ ಅಲ್ಲಿಯೂ ಇದೆ, ಸೊಳ್ಳೆಪರದೆ ಒಯ್ಯಿರಿ.

ಚೀಲದಲ್ಲಿ ಏನಿರಬಾರದು

ಕವಳ (ಎಲೆ-ಅಡಿಕೆ, ತಂಬಾಕು) ಹಾಕುವವರು ಗಮನಿಸಬೇಕು. ಬಾಲಿಗೆ ಹೋಗುವ ಅನೇಕ ವಿಮಾನಗಳು ಸಿಂಗಪುರದಲ್ಲಿ ಇಳಿದು ಹೋಗುತ್ತವೆ. ಅಲ್ಲಿ ಜಗಿಯುವ ತಂಬಾಕಿಗೆ ನಿಷೇಧವಿದೆ, ಗಸಗಸೆಯನ್ನೂ ಒಳಗೆ ಬಿಡುವುದಿಲ್ಲ.

ಜೂನ್-ಜುಲೈನಲ್ಲಿ ಹೊರಡುವವರು ಬೆಂಗಳೂರಿಗೆ ಒಂದು ದಿನ ಮೊದಲೇ ತಲುಪಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೂ ಬೇರೆ.

ತಲುಪಿದ ಮೇಲೆ

ಮೂರು ತಿಂಗಳ ಬಾಡಿಗೆಯನ್ನು ಇಲ್ಲಿಂದಲೇ ಕಟ್ಟಬೇಡಿ. ಮೊದಲ ವಾರ ಗೆಸ್ಟ್‌ಹೌಸಿನಲ್ಲಿದ್ದು, ಕಾಲ್ನಡಿಗೆಯಲ್ಲಿ ಸುತ್ತಿ ಮನೆ ನೋಡಿ. ಕಪಾಟು ತೆರೆದು ಮೂಸಿದರೆ ಸಾಕು, ತೇವದ ಮನೆ ಯಾವುದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ವಿಯೆಟ್ನಾಮಿನಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳಬಹುದು, ಬಾಲಿಯ ಚಟ್ನಿಯಲ್ಲಿ ಸಿಗಡಿ ಅರೆದ ಮುದ್ದೆ, ಶ್ರೀಲಂಕಾದ ಕಾಯಿ ಸಂಬಲದಲ್ಲಿ ಒಣಮೀನಿನ ಚೂರು. ವಿಯೆಟ್ನಾಮಿನಲ್ಲಿ 'ಚಾಯ್' (chay) ಎಂದು ಬರೆದ ಹೋಟೆಲು ಹುಡುಕಿ, ಅದು ಪೂರ್ತಿ ಸಸ್ಯಾಹಾರಿ. ಚಾಂದ್ರಮಾನದ ಮೊದಲ ಮತ್ತು ಹದಿನೈದನೆಯ ದಿನ ಅಲ್ಲಿಯ ಬೌದ್ಧರಲ್ಲಿ ಅನೇಕರು ಇದನ್ನೇ ಉಣ್ಣುತ್ತಾರೆ, ಆ ದಿನ ಇಂಥ ಅಂಗಡಿಗಳು ತುಂಬಿರುತ್ತವೆ. ಬಾಲಿಯಲ್ಲಿ ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆ ಅಗ್ಗ, ಪುಷ್ಟಿಕರ. ಶ್ರೀಲಂಕಾದ ಸಂತೆಯಲ್ಲಿ ಗೊರಕ ಎಂಬ ಕಪ್ಪು ಒಣಸಿಪ್ಪೆ ಸಿಗುತ್ತದೆ. ನಮ್ಮ ಉಪ್ಪಾಗೆಯ ಬಳಗದ್ದೇ ಅದು. ಸಾರಿಗೆ ಹುಳಿ ಅದೇ ಆಗುತ್ತದೆ, ಊರಿನಿಂದ ಹುಣಸೆ ಹೊರಬೇಕಿಲ್ಲ.